ಸಂದೇಹ ಪಡುವ ಹಕ್ಕು, ಅಳೆದು ನೋಡುವ ಹೊಣೆ

2010ರ ಜನವರಿ 20ರಂದು ಹವಾಮಾನ ಬದಲಾವಣೆಯ ಕುರಿತಾದ ಅಂತರ್‌ಸರಕಾರಿ ಸಮಿತಿಯು ಒಂದು ಚಿಕ್ಕ ಹೇಳಿಕೆಯನ್ನು ಹೊರಡಿಸಿತು. ಐಪಿಸಿಸಿ ಎಂಬ ಹೆಸರಿನಿಂದ ಪರಿಚಿತವಾಗಿರುವ ವಿಶ್ವಸಂಸ್ಥೆಯ ಈ ಸಮಿತಿ 2007ರಲ್ಲಿ ಪ್ರಕಟಿಸಿದ್ದ ವರದಿಯಲ್ಲಿ, ಹಿಮಾಲಯದ ಹಿಮನದಿಗಳು 2035ರೊಳಗೆ ಅಥವಾ ಅದಕ್ಕೂ ಮೊದಲೇ ಕಣ್ಮರೆಯಾಗುವ ಸಾಧ್ಯತೆ ಬಹಳ ಹೆಚ್ಚಿದೆ ಎಂಬ ಮಾತಿತ್ತು. ಈ ಮಾತಿಗೆ ಗಟ್ಟಿಯಾದ ಆಧಾರವಿರಲಿಲ್ಲ, ತಾನೇ ವಿಧಿಸಿಕೊಂಡಿದ್ದ ಪರಿಶೀಲನೆಯ ನಿಯಮಗಳನ್ನು ಇಲ್ಲಿ ಪಾಲಿಸಿರಲಿಲ್ಲ ಎಂದು ಸಮಿತಿಯು ವಿಷಾದದೊಂದಿಗೆ ಒಪ್ಪಿಕೊಂಡಿತು.

ಆ ತಪ್ಪು ನುಸುಳಿದ ಬಗೆಯೂ ಕುತೂಹಲಕರವಾದುದು. 1999ರಲ್ಲಿ ಭಾರತದ ಹಿಮನದಿ ತಜ್ಞರೊಬ್ಬರು ಬ್ರಿಟನ್ನಿನ ಜನಪ್ರಿಯ ವಿಜ್ಞಾನ ಪತ್ರಿಕೆಯೊಂದಕ್ಕೆ ಹೇಳಿದ್ದಾರೆನ್ನಲಾದ ಮಾತು, 2005ರಲ್ಲಿ ವನ್ಯಜೀವಿ ಸಂರಕ್ಷಣಾ ಸಂಸ್ಥೆಯೊಂದರ ವರದಿಯನ್ನು ಸೇರಿತು. ಅಲ್ಲಿಂದ ಅದು ಐಪಿಸಿಸಿಯ ಪುಟಕ್ಕೆ ಬಂತು. ಕರಡಿನ ಹಂತದಲ್ಲೇ ಜಪಾನ್ ಸರಕಾರದ ಪರಿಶೀಲಕರು ಈ ಬಗ್ಗೆ ಪ್ರಶ್ನೆ ಎತ್ತಿದ್ದರು. ಯಾರೂ ಕಿವಿಗೊಡಲಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಬರೆದು, ಅವರು ಬರೆದದ್ದನ್ನು ಮತ್ತೊಬ್ಬರು ಉಲ್ಲೇಖಿಸಿದಾಗ, ಮೂಲದಲ್ಲಿ ಏನಿತ್ತೆಂದು ನೋಡುವ ಕೆಲಸ ಯಾರದ್ದೂ ಆಗದೆ ಉಳಿಯುತ್ತದೆ. ನಮ್ಮ ಊರಿನ ಗಾಳಿಸುದ್ದಿಗಳು ಹುಟ್ಟುವುದೂ ಹೀಗೆಯೇ ತಾನೇ?

ತಪ್ಪನ್ನು ಎತ್ತಿ ತೋರಿಸಿದವರಲ್ಲಿ ನಮ್ಮ ದೇಶದವರೂ ಇದ್ದರು. ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯ ನಿವೃತ್ತ ಹಿರಿಯ ಅಧಿಕಾರಿ ವಿ.ಕೆ. ರೈನಾ ಅವರು ಸಿದ್ಧಪಡಿಸಿದ ಚರ್ಚಾಪತ್ರವನ್ನು ಕೇಂದ್ರ ಪರಿಸರ ಸಚಿವಾಲಯವು 2009ರ ನವೆಂಬರ್‌ನಲ್ಲಿ ಪ್ರಕಟಿಸಿತು. ಅಂದಿನ ಸಚಿವ ಜೈರಾಮ್ ರಮೇಶ್ ಅದನ್ನು ಸಮರ್ಥಿಸಿದರು. ಐಪಿಸಿಸಿಯ ಅಂದಿನ ಅಧ್ಯಕ್ಷರಾಗಿದ್ದ ಆರ್.ಕೆ. ಪಚೌರಿಯವರೂ ಭಾರತೀಯರೇ. ಅವರು ಅದನ್ನು ಮಾಟಮಂತ್ರದ ವಿಜ್ಞಾನವೆಂದು ಹೀಗಳೆದರು. ಎರಡೇ ತಿಂಗಳಲ್ಲಿ ಅವರ ಸಮಿತಿಯೇ ತಲೆತಗ್ಗಿಸಿ ವಿಷಾದ ಸೂಚಿಸಬೇಕಾಯಿತು. ಪ್ರಶ್ನೆ ಕೇಳಿದವರನ್ನು ಗೇಲಿ ಮಾಡುವುದು ಉತ್ತರವಲ್ಲ ಎಂಬ ಪಾಠವನ್ನು ವಿಜ್ಞಾನಿಗಳ ಸಮಿತಿಯೂ ಕಲಿಯಬೇಕಾಗಿ ಬಂದದ್ದು ಹೀಗೆ.

ಆದರೆ ಆ ಬಳಿಕ ನಡೆದದ್ದೇನು? ಸುಮಾರು ಮೂರು ಸಾವಿರ ಪುಟಗಳ ವರದಿಯ ಒಂದು ಪ್ಯಾರಾ ಬಿದ್ದುಹೋದುದನ್ನೇ ಮುಂದಿಟ್ಟುಕೊಂಡು, ಇಡೀ ಹವಾಮಾನ ವಿಜ್ಞಾನವೇ ಒಂದು ಬೃಹತ್ ವಂಚನೆ ಎಂಬ ಪ್ರಚಾರ ಜಗತ್ತಿನಾದ್ಯಂತ ನಡೆಯಿತು. ಅದಕ್ಕೆ ಸ್ವಲ್ಪ ಮೊದಲು, ಬ್ರಿಟನ್ನಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾನಿಲಯದ ಹವಾಮಾನ ತಜ್ಞರ ಈಮೇಲ್‌ಗಳನ್ನು ಕದ್ದು ಬಯಲು ಮಾಡಲಾಗಿತ್ತು. ಬ್ರಿಟಿಷ್ ಸಂಸತ್ತಿನ ಸಮಿತಿಯೂ ಸೇರಿದಂತೆ ಹಲವು ತನಿಖೆಗಳು 2010ರಲ್ಲಿ ನಡೆದವು. ಮಾಹಿತಿಯನ್ನು ಮುಕ್ತವಾಗಿ ಹಂಚಿಕೊಳ್ಳದ ಧೋರಣೆಯನ್ನು ಅವು ಟೀಕಿಸಿದವು, ಅಂಕಿ ಅಂಶಗಳನ್ನು ತಿರುಚಿದ ಮೋಸವನ್ನು ಅವು ಕಾಣಲಿಲ್ಲ. ಆರೋಪ ಮುಖಪುಟದಲ್ಲಿ ಬಂತು. ತನಿಖೆಯ ಫಲಿತಾಂಶ ಒಳಪುಟದ ಮೂಲೆ ಸೇರಿತು. ಇಂದಿಗೂ ಹವಾಮಾನ ಬದಲಾವಣೆ ಮನುಷ್ಯನಿಂದಾಗಿದ್ದಲ್ಲ ಎಂದು ವಾದಿಸುವವರು ಈ ಎರಡು ಘಟನೆಗಳನ್ನು ತಪ್ಪದೇ ನೆನಪಿಸುತ್ತಾರೆ. ಅವರ ವಾದವನ್ನು ಗೇಲಿ ಮಾಡದೆ ಪರಿಶೀಲಿಸುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಸಂದೇಹ ಪಡುವುದು ಅಪರಾಧವಲ್ಲ. ವಾಸ್ತವದಲ್ಲಿ, ಪಾಶ್ಚಾತ್ಯರು ಕೊಟ್ಟ ಲೆಕ್ಕವನ್ನು ಕಣ್ಣುಮುಚ್ಚಿ ಒಪ್ಪಬಾರದೆಂಬುದಕ್ಕೆ ನಮ್ಮದೇ ದೇಶದ ಗದ್ದೆಗಳಲ್ಲಿ ಒಂದು ಉತ್ತಮ ನಿದರ್ಶನವಿದೆ. 1990ರ ಸುಮಾರಿಗೆ ವಾಷಿಂಗ್ಟನ್ನಿನ ಸಂಸ್ಥೆಯೊಂದು ಭೂಮಿಯನ್ನು ಬಿಸಿ ಮಾಡುತ್ತಿರುವ ದೇಶಗಳ ಪಟ್ಟಿಯನ್ನು ತಯಾರಿಸಿ, ಭಾರತವನ್ನು ಮೊದಲ ಐದರ ಸಾಲಿನಲ್ಲಿ ಕೂರಿಸಿತು. ನೀರು ನಿಂತ ಭತ್ತದ ಗದ್ದೆಗಳಿಂದ ಮಿಥೇನ್ ಅನಿಲ ಹೊರಬರುತ್ತದೆ. ಅದು ಬಿಸಿಯನ್ನು ಹಿಡಿದಿಡುವ ಅನಿಲ. ಭಾರತದ ಗದ್ದೆಗಳಿಂದ ವರ್ಷಕ್ಕೆ 3 ಕೋಟಿ 70 ಲಕ್ಷ ಟನ್ನಿಗೂ ಮಿಕ್ಕಿ ಮಿಥೇನ್ ಹೊರಬರುತ್ತದೆಂದು ಅಮೆರಿಕದ ಪರಿಸರ ಸಂಸ್ಥೆಯೂ ಆಗ ಅಂದಾಜು ಮಾಡಿತ್ತು. ಯುರೋಪ್ ಮತ್ತು ಅಮೆರಿಕದ ಕೆಲವೇ ಗದ್ದೆಗಳಲ್ಲಿ ಅಳೆದುದನ್ನು ನಮ್ಮ ನೆಲಕ್ಕೆ ಗುಣಿಸಿ ಪಡೆದ ಲೆಕ್ಕವದು. ಪೆಟ್ರೋಲ್ ಕುಡಿಯುವ ಕಾರುಗಳ ಹೊಗೆಯನ್ನೂ ಹೊಟ್ಟೆಪಾಡಿಗಾಗಿ ಬೆಳೆದ ಭತ್ತದ ಉಸಿರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ನ್ಯಾಯ ಎಂದು ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ಪ್ರಶ್ನಿಸಿದರು.

ಇಲ್ಲಿ ಗಮನಿಸಬೇಕಾದ ಅಂಶವೇನೆಂದರೆ, ನಮ್ಮ ವಿಜ್ಞಾನಿಗಳು ಕೇವಲ ಪ್ರತಿಭಟಿಸಿ ಸುಮ್ಮನಾಗಲಿಲ್ಲ. ದಿಲ್ಲಿಯ ರಾಷ್ಟ್ರೀಯ ಭೌತಶಾಸ್ತ್ರ ಪ್ರಯೋಗಾಲಯವು ಎ.ಪಿ. ಮಿತ್ರ ಅವರ ಮುಂದಾಳತ್ವದಲ್ಲಿ 1991ರಲ್ಲಿ ದೇಶದ ಹಲವು ಭಾಗಗಳ ಭತ್ತದ ಗದ್ದೆಗಳಿಗೆ ಸಂಶೋಧಕರನ್ನು ಕಳುಹಿಸಿತು. ಅವರು ಪೈರಿನ ಮೇಲೆ ಪಾರದರ್ಶಕ ಪೆಟ್ಟಿಗೆಗಳನ್ನು ಕವುಚಿಟ್ಟು, ಒಳಗೆ ಸೇರಿದ ಗಾಳಿಯನ್ನು ಸಿರಿಂಜಿನಲ್ಲಿ ಎಳೆದು ಪರೀಕ್ಷಿಸಿದರು. ಸಿಕ್ಕಿದ ಉತ್ತರ ವರ್ಷಕ್ಕೆ ಸುಮಾರು 40 ಲಕ್ಷ ಟನ್. ಅಂದರೆ ಅಮೆರಿಕದವರ ಅಂದಾಜಿನ ಹತ್ತನೆಯ ಒಂದು ಭಾಗದಷ್ಟು! ನಮ್ಮ ಬಹಳಷ್ಟು ಗದ್ದೆಗಳ ಮಣ್ಣಿನಲ್ಲಿ ಸಾವಯವ ಅಂಶ ಕಡಿಮೆ, ನಡುನಡುವೆ ನೀರು ಬತ್ತುವುದೂ ಉಂಟು. ಹೀಗಾಗಿ ಮಿಥೇನ್ ಅಷ್ಟಾಗಿ ಹುಟ್ಟುವುದಿಲ್ಲ. ದಿಲ್ಲಿಯವರ ಅಳತೆಯ ಮುಂದೆ ವಾಷಿಂಗ್ಟನ್ನಿನ ಲೆಕ್ಕ ನಿಲ್ಲಲಿಲ್ಲ.

ಈ ಎರಡು ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಎರಡರಲ್ಲೂ ದೊಡ್ಡವರ ಲೆಕ್ಕ ತಪ್ಪಿತ್ತು, ಎರಡರಲ್ಲೂ ಭಾರತೀಯರು ಪ್ರಶ್ನಿಸಿದರು, ಎರಡರಲ್ಲೂ ಪ್ರಶ್ನಿಸಿದವರೇ ಸರಿಯೆಂದು ಸಾಬೀತಾಯಿತು. ಆದರೆ ಮಿಥೇನಿನ ವಿಷಯದಲ್ಲಿ ಪ್ರಶ್ನೆಯು ಹೊಸ ಅಳತೆಗೆ ದಾರಿ ಮಾಡಿತು. ಹಿಮನದಿಯ ವಿಷಯದಲ್ಲಿ ಅನೇಕರು ಪ್ರಶ್ನೆಯನ್ನೇ ಉತ್ತರವೆಂದು ಭಾವಿಸಿಬಿಟ್ಟರು. 2035ರಲ್ಲಿ ಹಿಮ ಕರಗಿ ಮುಗಿಯುವುದಿಲ್ಲ ಎಂಬುದು ಒಂದು ಮಾತು. ಹಿಮ ಕರಗುತ್ತಲೇ ಇಲ್ಲ ಎಂಬುದು ಬೇರೆಯೇ ಮಾತು. ಮೊದಲನೆಯದನ್ನು ಸಾಬೀತುಪಡಿಸಿ ಎರಡನೆಯದನ್ನು ಪಡೆದುಕೊಳ್ಳಲಾಗದು.

ಹಾಗಾದರೆ ಹಿಮಾಲಯದಲ್ಲಿ ನಿಜಕ್ಕೂ ಏನಾಗುತ್ತಿದೆ? ಶೀತಲ ಸಮರದ ಕಾಲದಲ್ಲಿ ಅಮೆರಿಕದ ಗೂಢಚಾರ ಉಪಗ್ರಹಗಳು ತೆಗೆದ ಚಿತ್ರಗಳು ಕಾಲಾಂತರದಲ್ಲಿ ಬಹಿರಂಗಗೊಂಡವು. ಅವುಗಳನ್ನು ಇತ್ತೀಚಿನ ಚಿತ್ರಗಳೊಂದಿಗೆ ಹೋಲಿಸಿ, ಸುಮಾರು 650 ಹಿಮನದಿಗಳ ದಪ್ಪವನ್ನು ಅಳೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. 1975ರಿಂದ 2000ದವರೆಗಿನ ಅವಧಿಗೆ ಹೋಲಿಸಿದರೆ 2000ದಿಂದ 2016ರ ಅವಧಿಯಲ್ಲಿ ಕರಗುವ ವೇಗ ಇಮ್ಮಡಿಯಾಗಿತ್ತು. ಅದೇ ವರ್ಷ ಕಾಠ್ಮಂಡುವಿನ ಅಂತಾರಾಷ್ಟ್ರೀಯ ಪರ್ವತ ಅಭಿವೃದ್ಧಿ ಕೇಂದ್ರವು, ಭೂಮಿಯ ತಾಪವನ್ನು 1.5 ಡಿಗ್ರಿಯ ಏರಿಕೆಯಲ್ಲಿ ತಡೆದು ನಿಲ್ಲಿಸಿದರೂ ಈ ಶತಮಾನದ ಕೊನೆಗೆ ಹಿಂದೂಕುಶ್ ಹಿಮಾಲಯದ ಹಿಮದ ಮೂರನೆಯ ಒಂದು ಭಾಗ ನಷ್ಟವಾಗುವುದೆಂದು ಹೇಳಿತು. ಕಾರಕೋರಂ ಶ್ರೇಣಿಯ ಕೆಲವು ಹಿಮನದಿಗಳು ದೀರ್ಘಕಾಲ ಸ್ಥಿರವಾಗಿದ್ದುದೂ ಕೆಲವು ಬೆಳೆದುದೂ ನಿಜ. ಆ ಅಂಶವನ್ನೂ ವಿಜ್ಞಾನಿಗಳೇ ಕಂಡುಹಿಡಿದು ಪ್ರಕಟಿಸಿದ್ದಾರೆ. 2035 ಎಂಬ ದಿನಾಂಕ ಸುಳ್ಳಾಗಿತ್ತು, ದಿಕ್ಕು ಸುಳ್ಳಾಗಿರಲಿಲ್ಲ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಭೂಮಿ ಬಿಸಿಯಾಗುತ್ತಿದೆ ಎಂದೇ ಇಟ್ಟುಕೊಳ್ಳೋಣ. ಅದಕ್ಕೆ ಮನುಷ್ಯನೇ ಕಾರಣ ಎಂಬುದಕ್ಕೆ ಪುರಾವೆ ಏನು? ಹಿಂದೆಯೂ ಹಿಮಯುಗಗಳು ಬಂದಿವೆ, ಹೋಗಿವೆ. ಆಗ ಕಾರ್ಖಾನೆಗಳಿದ್ದವೇ? ಇದು ಉಡಾಫೆಯ ಪ್ರಶ್ನೆಯಲ್ಲ, ಉತ್ತರಕ್ಕೆ ಅರ್ಹವಾದ ಪ್ರಶ್ನೆ.

ಮೊದಲನೆಯದಾಗಿ, ಇಂಗಾಲದ ಡೈಆಕ್ಸೈಡ್ ಬಿಸಿಯನ್ನು ಹಿಡಿದಿಡುತ್ತದೆ ಎಂಬುದು ಯಾವುದೇ ಪರಿಸರವಾದಿ ಸಂಘಟನೆ ಹುಟ್ಟುಹಾಕಿದ ಸಿದ್ಧಾಂತವಲ್ಲ. ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ 1856ರಲ್ಲಿ ಗಾಜಿನ ಕೊಳವೆಗಳಲ್ಲಿ ಅನಿಲ ತುಂಬಿ ಬಿಸಿಲಿಗಿಟ್ಟು, ಈ ಅನಿಲವು ಹೆಚ್ಚು ಕಾಯುವುದನ್ನು ಕಂಡರು. 1859ರಲ್ಲಿ ಜಾನ್ ಟಿಂಡಲ್ ಅದು ಶಾಖದ ಕಿರಣಗಳನ್ನು ಹೀರುವುದನ್ನು ಪ್ರಯೋಗದಿಂದ ತೋರಿಸಿದರು. 1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್, ಈ ಅನಿಲ ಇಮ್ಮಡಿಯಾದರೆ ಭೂಮಿ ಎಷ್ಟು ಬಿಸಿಯಾದೀತೆಂದು ಕೈಯಿಂದಲೇ ಲೆಕ್ಕ ಹಾಕಿದರು. ಆಗ ಐಪಿಸಿಸಿ ಇರಲಿಲ್ಲ, ಇಂಗಾಲದ ತೆರಿಗೆಯಿರಲಿಲ್ಲ, ಹವಾಮಾನ ಸಮ್ಮೇಳನಗಳೂ ಇರಲಿಲ್ಲ.

ಎರಡನೆಯದು, ಈ ಅನಿಲ ಹೆಚ್ಚುತ್ತಿದೆಯೇ ಎಂಬುದು. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದಲ್ಲಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳೆಯತೊಡಗಿದಾಗ ಗಾಳಿಯ ಪ್ರತಿ ಹತ್ತು ಲಕ್ಷ ಭಾಗದಲ್ಲಿ ಸುಮಾರು 315 ಭಾಗ ಈ ಅನಿಲವಿತ್ತು. 2024ರ ಸರಾಸರಿ 424ನ್ನು ದಾಟಿತು. ಅಂಟಾರ್ಕ್ಟಿಕಾದ ಆಳದ ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳು ಎಂಟು ಲಕ್ಷ ವರ್ಷಗಳ ದಾಖಲೆ ಒದಗಿಸಿವೆ. ಹಲವು ಹಿಮಯುಗಗಳನ್ನು ಒಳಗೊಂಡ ಆ ದೀರ್ಘ ಕಾಲದಲ್ಲಿ, ಕೈಗಾರಿಕಾ ಕ್ರಾಂತಿಗೆ ಮೊದಲು, ಅದು ಒಮ್ಮೆಯೂ ಸುಮಾರು 300ನ್ನು ಮೀರಿರಲಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಹೆಚ್ಚಿದ ಅನಿಲ ನಮ್ಮದೇ ಎಂದು ಹೇಗೆ ತಿಳಿಯುವುದು? ಇಂಗಾಲಕ್ಕೆ ಒಂದು ಬಗೆಯ ಗುರುತಿನ ಚೀಟಿಯಿದೆ. ಜೀವಂತ ಗಿಡಮರಗಳಲ್ಲಿ ವಿಕಿರಣಶೀಲ ಇಂಗಾಲದ ಸ್ವಲ್ಪ ಅಂಶವಿರುತ್ತದೆ. ಕೋಟ್ಯಂತರ ವರ್ಷ ನೆಲದಡಿ ಹೂತಿದ್ದ ಕಲ್ಲಿದ್ದಲು ಮತ್ತು ತೈಲದಲ್ಲಿ ಅದು ಸಂಪೂರ್ಣವಾಗಿ ನಶಿಸಿಹೋಗಿರುತ್ತದೆ. ಅಂತಹ ಇಂಗಾಲವು ವಾತಾವರಣದಲ್ಲಿ ಬೆರೆಯುತ್ತಿರುವುದನ್ನು ಹಾನ್ಸ್ ಸ್ಯೂಸ್ 1955ರಲ್ಲೇ ಗುರುತಿಸಿದ್ದರು. ಇಂಧನ ಉರಿದಾಗ ಆಮ್ಲಜನಕ ಖರ್ಚಾಗಬೇಕಲ್ಲವೇ? ವಾತಾವರಣದ ಆಮ್ಲಜನಕವೂ ತುಸುತುಸುವೇ ಇಳಿಯುತ್ತಿರುವುದನ್ನು ಉಪಕರಣಗಳು ದಾಖಲಿಸಿವೆ. ಜ್ವಾಲಾಮುಖಿಗಳೇ ಕಾರಣವೆನ್ನುವವರು ನೆನಪಿಡಬೇಕು, ಅವು ವರ್ಷಕ್ಕೆ ಉಗುಳುವ ಈ ಅನಿಲವು ಮನುಷ್ಯನು ಹೊರಬಿಡುವುದರ ಶೇ. 1ರಷ್ಟೂ ಅಲ್ಲ. ಕಲ್ಲಿದ್ದಲು, ತೈಲ ಮತ್ತು ಅನಿಲವನ್ನು ಉರಿಸಿ ನಾವು ವರ್ಷಕ್ಕೆ 3,700 ಕೋಟಿ ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಿದ್ದೇವೆ.

ಸೂರ್ಯನೇ ಕಾರಣವಾಗಿರಬಾರದೇಕೆ? ಇದಕ್ಕೂ ಪರೀಕ್ಷೆಯುಂಟು. ಸೂರ್ಯನ ಶಾಖ ಹೆಚ್ಚಿದ್ದರೆ ವಾತಾವರಣದ ಕೆಳಪದರದೊಂದಿಗೆ ಮೇಲ್ಪದರವೂ ಬಿಸಿಯಾಗಬೇಕಿತ್ತು. ಹಸಿರುಮನೆ ಅನಿಲಗಳು ಕಾರಣವಾಗಿದ್ದರೆ ಕೆಳಗೆ ಬಿಸಿಯೇರಿ, ಮೇಲೆ ತಂಪಾಗಬೇಕು. ಸ್ಯುಕುರೊ ಮನಾಬೆ ಮತ್ತು ಸಂಗಡಿಗರೊಬ್ಬರು 1967ರಲ್ಲೇ ಹಾಗಾಗುವುದೆಂದು ಲೆಕ್ಕ ಹಾಕಿ ಹೇಳಿದ್ದರು. ನಂತರದ ದಶಕಗಳಲ್ಲಿ ಉಪಗ್ರಹಗಳು ಕಂಡದ್ದು ಅದನ್ನೇ. ಮನಾಬೆಯವರಿಗೆ 2021ರಲ್ಲಿ ನೊಬೆಲ್ ಬಂತು. ಸೂರ್ಯನಿಂದ ಬರುವ ಶಕ್ತಿಯನ್ನು 1970ರ ದಶಕದ ಕೊನೆಯಿಂದ ಉಪಗ್ರಹಗಳು ನೇರವಾಗಿ ಅಳೆಯುತ್ತಿವೆ. ಭೂಮಿಯ ತಾಪ ಏರಿದ ಈ ಅವಧಿಯಲ್ಲಿ ಆ ಶಕ್ತಿ ಏರಿಲ್ಲ.

ವಿಜ್ಞಾನಿಗಳು ಮೊದಲೇ ತೀರ್ಮಾನಿಸಿ ಆ ಬಳಿಕ ಪುರಾವೆ ಹುಡುಕಿದರು ಎಂಬುದು ಇನ್ನೊಂದು ಆರೋಪ. ಐಪಿಸಿಸಿಯ ವರದಿಗಳ ಭಾಷೆಯನ್ನೇ ನೋಡಿದರೆ ಇದಕ್ಕೆ ಉತ್ತರ ದೊರೆಯುತ್ತದೆ. 1990ರ ಮೊದಲ ವರದಿಯು, ಮನುಷ್ಯನ ಪಾತ್ರವನ್ನು ಖಚಿತವಾಗಿ ಗುರುತಿಸಲು ಇನ್ನೂ ಒಂದು ದಶಕ ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇಕಾಗಬಹುದು ಎಂದಿತ್ತು. 1995ರಲ್ಲಿ, ಪುರಾವೆಗಳು ಮನುಷ್ಯನ ಪ್ರಭಾವದತ್ತ ಬೆಟ್ಟು ಮಾಡುತ್ತಿವೆ ಎಂದಿತು. 2001ರಲ್ಲಿ, ಕಳೆದ 50 ವರ್ಷಗಳ ಏರಿಕೆಯ ಬಹುಭಾಗಕ್ಕೆ ಹಸಿರುಮನೆ ಅನಿಲಗಳು ಕಾರಣವಾಗಿರುವ ಸಾಧ್ಯತೆಯಿದೆ ಎಂದಿತು. 2007ರಲ್ಲಿ ಆ ಸಾಧ್ಯತೆಯನ್ನು ಶೇ. 90ಕ್ಕೂ, 2013ರಲ್ಲಿ ಶೇ. 95ಕ್ಕೂ ಏರಿಸಿತು. ಮನುಷ್ಯನ ಪಾತ್ರ ನಿಸ್ಸಂದೇಹ ಎಂಬ ಪದ ಬಂದುದು 2021ರಲ್ಲಿ. 31 ವರ್ಷಗಳ ಕಾಲ ಒಂದೊಂದೇ ಮೆಟ್ಟಿಲು ಹತ್ತಿದವರನ್ನು ಆತುರಗಾರರೆಂದು ಕರೆಯಲಾದೀತೇ?

ಪ್ರಾಮಾಣಿಕ ಸಂದೇಹಿಗಳಿಂದಲೂ ಈ ಜ್ಞಾನಕ್ಕೆ ಲಾಭವಾಗಿದೆ. ಅಮೆರಿಕದ ಅಲಬಾಮಾದ ಜಾನ್ ಕ್ರಿಸ್ಟಿ ಮತ್ತು ರಾಯ್ ಸ್ಪೆನ್ಸರ್ 1990ರ ದಶಕದಲ್ಲಿ, ಉಪಗ್ರಹಗಳ ದಾಖಲೆಯಲ್ಲಿ ತಾಪ ಏರಿಕೆ ಅಷ್ಟಾಗಿ ಕಾಣುವುದಿಲ್ಲ ಎಂದರು. ಇತರರು ಪರಿಶೀಲಿಸಿದಾಗ, ಉಪಗ್ರಹದ ಕಕ್ಷೆ ಕುಸಿಯುವುದನ್ನೂ ಅದು ಹಾದುಹೋಗುವ ಹೊತ್ತು ಬದಲಾಗುವುದನ್ನೂ ಲೆಕ್ಕಕ್ಕೆ ಸೇರಿಸುವುದರಲ್ಲಿ ದೋಷವಿದ್ದುದು ಪತ್ತೆಯಾಯಿತು. ಅವರು ತಿದ್ದಿಕೊಂಡರು. ಇಂದು ಅವರದೇ ದಾಖಲೆಯು ಪ್ರತಿ ದಶಕಕ್ಕೆ ಸುಮಾರು 0.15 ಡಿಗ್ರಿ ಏರಿಕೆಯನ್ನು ತೋರಿಸುತ್ತದೆ. ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಕೂಡಾ ತಾಪಮಾನದ ದಾಖಲೆಗಳನ್ನು ಶಂಕಿಸಿದವರೇ. ಅವರು ತಮ್ಮದೇ ತಂಡ ಕಟ್ಟಿ ಎಲ್ಲವನ್ನೂ ಮೊದಲಿನಿಂದ ಲೆಕ್ಕ ಹಾಕಿದರು. ಅದಕ್ಕೆ ಹಣ ನೀಡಿದವರಲ್ಲಿ ತೈಲೋದ್ಯಮಿ ಚಾರ್ಲ್ಸ್ ಕೋಕ್ ಅವರ ಪ್ರತಿಷ್ಠಾನವೂ ಇತ್ತು. 2012ರಲ್ಲಿ ಮುಲ್ಲರ್, ಏರಿಕೆ ನಿಜ, ಅದಕ್ಕೆ ಹೆಚ್ಚುಕಡಿಮೆ ಪೂರ್ತಿಯಾಗಿ ಮನುಷ್ಯನೇ ಕಾರಣ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ತನಗೆ ಒಪ್ಪಿಗೆಯಾಗದ ಉತ್ತರ ಬಂದಾಗಲೂ ಅದನ್ನು ಒಪ್ಪಿಕೊಳ್ಳುವ ಧೈರ್ಯವಿದ್ದರೆ ಮಾತ್ರ ಸಂದೇಹಕ್ಕೆ ಬೆಲೆ ಬರುತ್ತದೆ.

ಆದರೆ ಕಾಸಿಗೆ ಮಾರಾಟವಾಗುವ ಸಂದೇಹವೂ ಒಂದಿದೆ. ಸಿಗರೇಟಿನಿಂದ ಕ್ಯಾನ್ಸರ್ ಬರುತ್ತದೆಂಬುದನ್ನು ತಂಬಾಕು ಕಂಪೆನಿಗಳು ದಶಕಗಟ್ಟಲೆ ಅಲ್ಲಗಳೆಯಲಿಲ್ಲವೇ? ಸುಳ್ಳನ್ನು ಸಾಬೀತುಪಡಿಸುವುದು ಅವರಿಗೆ ಬೇಕಾಗಿರಲಿಲ್ಲ. ವಿಷಯ ಇನ್ನೂ ಇತ್ಯರ್ಥವಾಗಿಲ್ಲ ಎಂಬ ಭಾವನೆಯನ್ನು ಜನರಲ್ಲಿ ಉಳಿಸಿದರೆ ಸಾಕಾಗಿತ್ತು. ತೈಲ ಕಂಪೆನಿಗಳೂ ಅದೇ ಹಾದಿ ಹಿಡಿದವು. ಎಕ್ಸಾನ್ ಕಂಪೆನಿಯ ಸ್ವಂತ ವಿಜ್ಞಾನಿಗಳು 1977ರಿಂದ 2003ರ ನಡುವೆ ಮಾಡಿದ್ದ ತಾಪ ಏರಿಕೆಯ ಮುನ್ಸೂಚನೆಗಳನ್ನು ಪರಿಶೀಲಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಬಹುತೇಕ ನಿಜವಾಗಿದ್ದವು. ಒಳಗೆ ಕುಳಿತವರಿಗೆ ಸತ್ಯ ತಿಳಿದಿತ್ತು, ಹೊರಗೆ ಅದೇ ಕಂಪೆನಿ ಅನಿಶ್ಚಿತತೆಯ ಮಾತಾಡುತ್ತಿತ್ತು. ಇದನ್ನು ಸಂದೇಹ ಎನ್ನುವುದು ಸಂದೇಹಕ್ಕೆ ಮಾಡುವ ಅವಮಾನ.

ಈ ವಿವಾದ ಹಳೆಯ ಕಥೆಯೆಂದು ಭಾವಿಸಬೇಕಾಗಿಲ್ಲ. 2025ರ ಜುಲೈಯಲ್ಲಿ ಅಮೆರಿಕದ ಇಂಧನ ಇಲಾಖೆಯು ಐವರು ತಜ್ಞರಿಂದ ಬರೆಸಿದ ವರದಿಯೊಂದನ್ನು ಪ್ರಕಟಿಸಿ, ಹವಾಮಾನ ಬದಲಾವಣೆಯ ಅಪಾಯವನ್ನು ಉತ್ಪ್ರೇಕ್ಷಿಸಲಾಗಿದೆ ಎಂದಿತು. ಐವರಲ್ಲಿ ಕ್ರಿಸ್ಟಿ ಮತ್ತು ಸ್ಪೆನ್ಸರ್ ಕೂಡಾ ಇದ್ದರು. ಗಮನಾರ್ಹ ಸಂಗತಿಯೆಂದರೆ, ಭೂಮಿ ಬಿಸಿಯಾಗಿಲ್ಲ ಎಂದಾಗಲೀ ಅದರಲ್ಲಿ ಮನುಷ್ಯನ ಪಾತ್ರವೇ ಇಲ್ಲ ಎಂದಾಗಲೀ ಆ ಐವರೂ ಹೇಳಲಿಲ್ಲ. ಎಷ್ಟು ಬಿಸಿ, ಎಷ್ಟು ಹಾನಿ ಎಂಬುದಷ್ಟೇ ಅವರ ತಕರಾರು. 85ಕ್ಕೂ ಹೆಚ್ಚು ವಿಜ್ಞಾನಿಗಳು ಸೇರಿ 400ಕ್ಕೂ ಹೆಚ್ಚು ಪುಟಗಳ ಉತ್ತರ ಬರೆದು, ಆ ವರದಿಯು ಪುರಾವೆಗಳನ್ನು ತನಗೆ ಬೇಕಾದಂತೆ ಹೆಕ್ಕಿಕೊಂಡಿದೆ ಎಂದು ತೋರಿಸಿದರು. ನಮ್ಮಲ್ಲಿ ವಾಟ್ಸಪ್ ಮೂಲಕ ಹಂಚಿಕೆಯಾಗುವ, ಎಲ್ಲವೂ ಕಟ್ಟುಕಥೆ ಎಂಬ ಸಂದೇಶಗಳು ಅಮೆರಿಕದ ಸಂದೇಹವಾದಿಗಳೇ ಬಿಟ್ಟುಹೋದ ಮಾತುಗಳನ್ನು ಇನ್ನೂ ಹೊತ್ತು ತಿರುಗುತ್ತಿವೆ ಎಂಬುದು ವಿಪರ್ಯಾಸ.

ಇತ್ಯರ್ಥವಾಗದ ಪ್ರಶ್ನೆಗಳು ಇವೆಯೇ? ಖಂಡಿತ ಇವೆ. ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿ 1.5ರಿಂದ 4.5 ಡಿಗ್ರಿ ಬಿಸಿಯಾಗಬಹುದೆಂದು 1979ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ತಂಡ ಹೇಳಿತ್ತು. 2021ರ ವೇಳೆಗೆ ಆ ಅಂತರವು 2.5ರಿಂದ 4 ಡಿಗ್ರಿಗೆ ಕಿರಿದಾಗಿದೆ. ಆದರೂ ಎರಡೂವರೆಗೂ ನಾಲ್ಕಕ್ಕೂ ಅಜಗಜಾಂತರವಿದೆ. ಮೋಡಗಳ ವರ್ತನೆ ಇದಕ್ಕೊಂದು ಮುಖ್ಯ ಕಾರಣ. ನಮ್ಮ ಮಳೆಗಾಲದ ಲೆಕ್ಕ ಇನ್ನೂ ಜಟಿಲ. ಕೇಂದ್ರ ಭೂವಿಜ್ಞಾನ ಸಚಿವಾಲಯವು 2020ರಲ್ಲಿ ಹೊರತಂದ ವರದಿಯ ಪ್ರಕಾರ 1901ರಿಂದ 2018ರವರೆಗೆ ದೇಶದ ಸರಾಸರಿ ತಾಪ ಸುಮಾರು 0.7 ಡಿಗ್ರಿ ಏರಿದೆ. 1951ರಿಂದ 2015ರ ನಡುವೆ ಮುಂಗಾರು ಮಳೆ ಶೇ. 6ರಷ್ಟು ಇಳಿದಿದೆ. ಗಂಗಾ ಬಯಲಿನ ಜೊತೆಗೆ ನಮ್ಮ ಪಶ್ಚಿಮ ಘಟ್ಟದಲ್ಲೂ ಈ ಇಳಿಕೆ ಎದ್ದು ಕಾಣುತ್ತದೆ. ಬಿಸಿಯಾದ ಗಾಳಿ ಹೆಚ್ಚು ನೀರನ್ನು ಹೊರಬೇಕು, ಮಳೆ ಹೆಚ್ಚಬೇಕು. ಹಾಗಾದರೆ ಇಳಿದದ್ದೇಕೆ? ವಾಹನ, ಕಾರ್ಖಾನೆ, ಒಲೆಗಳ ಹೊಗೆಯ ಕಣಗಳು ಬಿಸಿಲನ್ನು ತಡೆದು, ತಾಪ ಏರಿಕೆಯನ್ನೂ ಮಳೆಯನ್ನೂ ತಗ್ಗಿಸಿರುವುದು ಒಂದು ಮುಖ್ಯ ಕಾರಣವೆಂದು ಅದೇ ವರದಿ ಹೇಳುತ್ತದೆ. ಹೊಗೆಯನ್ನು ಕಡಿಮೆ ಮಾಡಿದ ದಿನ ಏನಾದೀತೆಂಬುದು ನಮ್ಮ ರೈತರ ಬದುಕಿಗೆ ತಟ್ಟುವ ಪ್ರಶ್ನೆ. ಚರ್ಚೆ ನಡೆಯಬೇಕಾದುದು ಇಂತಹ ಕಡೆ.

ಇದೇ ವೇಳೆ, ಎಲ್ಲ ಅನಾಹುತಗಳನ್ನೂ ಹವಾಮಾನ ಬದಲಾವಣೆಯ ಖಾತೆಗೆ ಜಮೆ ಮಾಡುವ ಚಾಳಿಯ ಬಗ್ಗೆಯೂ ಎಚ್ಚರ ಬೇಕು. 2024ರ ಜುಲೈಯಲ್ಲಿ ವಯನಾಡಿನ ಗುಡ್ಡ ಕುಸಿದು ನೂರಾರು ಮಂದಿ ಮಣ್ಣುಪಾಲಾದರು. ಅಂದಿನ ಮಳೆಯ ತೀವ್ರತೆಯನ್ನು ಹವಾಮಾನ ಬದಲಾವಣೆಯು ಸುಮಾರು ಶೇ. 10ರಷ್ಟು ಹೆಚ್ಚಿಸಿತ್ತೆಂದು ವಿಜ್ಞಾನಿಗಳ ಅಂತಾರಾಷ್ಟ್ರೀಯ ತಂಡ ಲೆಕ್ಕ ಹಾಕಿತು. ಶೇ. 10 ಸಣ್ಣದಲ್ಲ. ಆದರೆ ಉಳಿದುದರ ಬಗ್ಗೆ ಯಾರನ್ನು ಕೇಳೋಣ? 2018ರಲ್ಲಿ ಕೊಡಗು ಕುಸಿದಾಗ, ರಸ್ತೆ ಮತ್ತು ಕಟ್ಟಡಗಳಿಗಾಗಿ ಇಳಿಜಾರನ್ನು ಕಡಿದುದರತ್ತ ಭೂವಿಜ್ಞಾನಿಗಳು ಬೆಟ್ಟು ಮಾಡಿದ್ದರು. ವಯನಾಡಿನ ದುರಂತಕ್ಕೆ ಎರಡು ವಾರ ಮೊದಲು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಜಾರಿ ಜನರನ್ನು ಬಲಿ ಪಡೆಯಿತು. ಪಶ್ಚಿಮ ಘಟ್ಟದ ಸೂಕ್ಷ್ಮತೆಯ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲೇ ವರದಿ ಕೊಟ್ಟಿತ್ತು, ಅದನ್ನು ಬದಿಗಿಟ್ಟವರು ಅಮೆರಿಕದವರಲ್ಲ. ಗುಡ್ಡ ಕಡಿಯಲು ಅನುಮತಿ ಕೊಟ್ಟವನು ಭೂತಾಪದತ್ತ ಕೈ ತೋರಿಸಿ ಪಾರಾಗುವುದು, ತೈಲ ಕಂಪೆನಿ ಸೂರ್ಯನತ್ತ ಕೈ ತೋರಿಸಿ ಪಾರಾಗುವುದು ಎರಡೂ ಒಂದೇ ಜಾತಿಯ ಜಾಣತನ. ಮನುಷ್ಯನಿಂದಾದ ಅನಾಹುತ ಎಂದಾಗ ಯಾವ ಮನುಷ್ಯ ಎಂದು ಕೇಳುವುದು ಅನಿವಾರ್ಯ.

ಈ ಪ್ರಶ್ನೆಯನ್ನು ಜಗತ್ತಿನ ಮಟ್ಟಕ್ಕೆ ವಿಸ್ತರಿಸಿ. ಅಮೆರಿಕದ ಒಬ್ಬ ನಾಗರಿಕನ ಪಾಲಿನ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು 14 ಟನ್. ಭಾರತೀಯನದ್ದು ಸುಮಾರು ಎರಡು ಟನ್. ಇದುವರೆಗೆ ಕಲ್ಲಿದ್ದಲು ಮತ್ತು ತೈಲದಿಂದ ವಾತಾವರಣಕ್ಕೆ ಸೇರಿದ ಒಟ್ಟು ಅನಿಲದಲ್ಲಿ ಸುಮಾರು ಕಾಲು ಭಾಗ ಅಮೆರಿಕವೊಂದರದ್ದೇ. ಭಾರತದ ಪಾಲು ಶೇ. 3ರಿಂದ 4ರಷ್ಟು. ವಾರ್ಷಿಕ ಲೆಕ್ಕದಲ್ಲಿ ಮಾತ್ರ ನಾವೀಗ ಮೂರನೆಯ ಸ್ಥಾನದಲ್ಲಿದ್ದೇವೆ. ಹೀಗಿರುವಾಗ, ಹವಾಮಾನದ ಮಾತು ನಮ್ಮ ಅಭಿವೃದ್ಧಿಯನ್ನು ತಡೆಯಲು ಶ್ರೀಮಂತ ರಾಷ್ಟ್ರಗಳು ಹೂಡಿದ ಸಂಚು ಎಂದು ನಮ್ಮಲ್ಲಿ ಅನೇಕರಿಗೆ ಅನಿಸುವುದು ಸಹಜ. ಆದರೆ ಇಲ್ಲಿ ಎರಡು ಸಂಗತಿಗಳು ಕಲಸಿಹೋಗಿವೆ. ಭೂಮಿ ಏಕೆ ಬಿಸಿಯಾಗುತ್ತಿದೆ ಎಂಬುದು ಪುರಾವೆಯ ಪ್ರಶ್ನೆ. ಅದರ ಬೆಲೆಯನ್ನು ಯಾರು ತೆರಬೇಕು ಎಂಬುದು ನ್ಯಾಯದ ಪ್ರಶ್ನೆ. ಎರಡನೆಯದರಲ್ಲಿ ನಮಗೆ ಅನ್ಯಾಯವಾಗಿದೆ ಎಂಬ ಕಾರಣಕ್ಕೆ ಮೊದಲನೆಯದನ್ನು ತಿರಸ್ಕರಿಸಿದರೆ ನಷ್ಟ ಯಾರಿಗೆ? ಪುರಾವೆಯೇ ಇಲ್ಲವೆಂದ ಮೇಲೆ ಪರಿಹಾರ ಕೇಳುವ ಹಕ್ಕಾದರೂ ಎಲ್ಲಿ ಉಳಿಯಿತು? ಅಪರಾಧ ನಡೆದೇ ಇಲ್ಲ ಎಂದು ಫಿರ್ಯಾದಿಯೇ ಸಾಕ್ಷಿ ನುಡಿದರೆ ಆರೋಪಿಗೆ ಅದಕ್ಕಿಂತ ಸಂತೋಷದ ಸಂಗತಿ ಬೇರೊಂದಿರಲಾರದು.

ಶ್ರೀಮಂತ ದೇಶಗಳ ಸಂತೋಷವನ್ನು ನಾವು ನೋಡಿಯೂ ಇದ್ದೇವೆ. 2009ರ ಕೋಪನ್‌ಹೇಗನ್ ಸಮ್ಮೇಳನದಲ್ಲಿ, 2020ರಿಂದ ವರ್ಷಕ್ಕೆ 10,000 ಕೋಟಿ ಡಾಲರ್ ನೆರವು ಒದಗಿಸುವ ಭರವಸೆ ಕೊಟ್ಟವರು ಅವರದೇ ಲೆಕ್ಕದ ಪ್ರಕಾರ ಅದನ್ನು ಮುಟ್ಟಿದ್ದು 2022ರಲ್ಲಿ. 2024ರ ಬಾಕು ಸಮ್ಮೇಳನದಲ್ಲಿ ಬಡ ರಾಷ್ಟ್ರಗಳು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್ ಕೇಳಿದರೆ, ಸಿಕ್ಕಿದ್ದು 30,000 ಕೋಟಿ ಡಾಲರ್‌ಗಳ ವಾಗ್ದಾನ. ಭಾರತವು ಸಭೆಯಲ್ಲೇ ಅದನ್ನು ಪ್ರತಿಭಟಿಸಿತು. 2025ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಪ್ಯಾರಿಸ್ ಒಪ್ಪಂದದಿಂದ ಎರಡನೆಯ ಬಾರಿ ಹೊರನಡೆಯುವ ಆದೇಶಕ್ಕೆ ಸಹಿ ಹಾಕಿದರು. ವಿಜ್ಞಾನದ ಬಗ್ಗೆ ಸಂದೇಹ ಎಂಬ ಮುಖವಾಡದ ಹಿಂದೆ ಸಾಲ ತೀರಿಸಲು ಮನಸ್ಸಿಲ್ಲದವನ ಮುಖವಿದೆ ಎಂಬುದು ಈಗಲಾದರೂ ನಮಗೆ ಅರ್ಥವಾಗಬೇಡವೇ?

ಈ ಚರ್ಚೆಯ ಫಲವನ್ನು ಉಣ್ಣುವವರು ಚರ್ಚೆಯಲ್ಲಿ ಪಾಲ್ಗೊಳ್ಳುವುದಿಲ್ಲ. 2024 ಜಗತ್ತಿನಲ್ಲೂ ಭಾರತದಲ್ಲೂ ದಾಖಲೆಯ ಅತ್ಯಂತ ಬಿಸಿಯಾದ ವರ್ಷವಾಗಿತ್ತು. ಆ ಬಿಸಿಲಿನಲ್ಲಿ ಕಲ್ಲು ಹೊತ್ತವರು, ರಸ್ತೆಗೆ ಡಾಮರು ಹಾಕಿದವರು, ಕೊಲ್ಲಿ ರಾಷ್ಟ್ರಗಳ ಕಟ್ಟಡಗಳ ಮೇಲೆ ನಿಂತು ದುಡಿದ ನಮ್ಮ ಕರಾವಳಿಯ ತರುಣರು ಯಾವ ಸಮ್ಮೇಳನಕ್ಕೂ ಹೋದವರಲ್ಲ. ಸಮುದ್ರದ ನೀರು 1951ರಿಂದ 2015ರ ನಡುವೆ ಸುಮಾರು ಒಂದು ಡಿಗ್ರಿ ಬಿಸಿಯಾಗಿದೆ ಎಂಬ ಅಂಕಿಯು ವರದಿಯಲ್ಲಿ ಒಂದು ಸಾಲು ಮಾತ್ರ. ಬಲೆ ಬೀಸಿ ಬರಿಗೈಯಲ್ಲಿ ಮರಳುವ ಮೀನುಗಾರನಿಗೆ ಅದು ಅಂದಿನ ಊಟ. ಆತನ ಬರಿಗೈಗೆ ಬಿಸಿ ನೀರೆಷ್ಟು ಕಾರಣ, ಮಿತಿಮೀರಿದ ಯಾಂತ್ರಿಕ ಮೀನುಗಾರಿಕೆಯೆಷ್ಟು ಕಾರಣ ಎಂಬುದನ್ನು ಅಳೆದು ಹೇಳುವ ಹೊಣೆ ವಿಜ್ಞಾನದ್ದು. ಆ ಉತ್ತರವನ್ನು ಮುಚ್ಚಿಡದಂತೆ ನೋಡಿಕೊಳ್ಳುವ ಹೊಣೆ ನಮ್ಮೆಲ್ಲರದ್ದು.

ಆದ್ದರಿಂದ ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ಯಾರೋ ಹೇಳಿದರೆಂದು ನಂಬಬೇಡಿ, ಯಾರೋ ಹೇಳಿದರೆಂದು ಅಲ್ಲಗಳೆಯಲೂ ಬೇಡಿ. ಮಾತು ಎಲ್ಲಿಂದ ಬಂತು, ಅಳೆದವರು ಯಾರು, ಅಳೆದುದು ಹೇಗೆ, ಹೇಳುವವನಿಗೆ ಅದರಿಂದ ಲಾಭವೇನು ಎಂದು ಕೇಳಿ. ಹಿಮಾಲಯದ ಹಿಮಕ್ಕೆ ತಪ್ಪಾಗಿ ಗಡುವು ವಿಧಿಸಿದ್ದ ಆ 2035 ಇನ್ನೇನು ಹತ್ತಿರವಾಗುತ್ತಿದೆ. ಆ ವರ್ಷವೂ ಹಿಮಾಲಯದಲ್ಲಿ ಹಿಮವಿರುತ್ತದೆ, ಸಂಶಯವಿಲ್ಲ. ಅಂದು ಅದನ್ನು ತೋರಿಸಿ, ನೋಡಿದಿರಾ, ಎಲ್ಲವೂ ಸುಳ್ಳಾಗಿತ್ತು ಎಂದು ನಗುವವರೂ ಇರುತ್ತಾರೆ. ಕಾಕತಾಳೀಯವೆಂದರೆ, ಬಾಕುವಿನಲ್ಲಿ ಶ್ರೀಮಂತ ರಾಷ್ಟ್ರಗಳು ಮಾತು ಕೊಟ್ಟ ಹಣ ತಲುಪಬೇಕಾದ ಗಡುವೂ ಅದೇ 2035. ಹಿಮದ ಲೆಕ್ಕ ಕೇಳುವವರು ಅಂದು ಆ ಹಣದ ಲೆಕ್ಕವನ್ನೂ ಕೇಳಲಿ.